ಕಿರುಕೇಂದ್ರದ ಸಾಕ್ಷ್ಯ: ಔಷಧಗಳ ತಳಿಹಾನಿಯ ಪತ್ತೆಯಲ್ಲಿ ಕೋಶವಿಭಜನೆಯ ಪಾತ್ರ

ಜೀವಕೋಶ ಇಬ್ಭಾಗವಾಗುವಾಗ ವರ್ಣತಂತುವಿನ ಮುರಿದ ತುಂಡೋ, ಕದಿರೆಳೆಯ ಹಿಡಿತ ತಪ್ಪಿದ ಇಡೀ ವರ್ಣತಂತುವೋ ಹಿಂದುಳಿಯುವುದುಂಟು. ಅದರ ಸುತ್ತ ಬೇರೆಯೇ ಪೊರೆ ಕಟ್ಟಿಕೊಂಡಾಗ ಮುಖ್ಯ ಕೋಶಕೇಂದ್ರದ ಮಗ್ಗುಲಲ್ಲಿ ಕಿರುಕೇಂದ್ರ, ಅಂದರೆ ಮೈಕ್ರೊನ್ಯೂಕ್ಲಿಯಸ್ ಕಾಣಿಸುತ್ತದೆ. ಔಷಧವೊಂದು ತಳಿದ್ರವ್ಯವನ್ನು ಕೆಡಿಸುತ್ತದೆಯೇ ಎಂದು ತಿಳಿಯಲು ಇವುಗಳನ್ನು ಎಣಿಸುವುದು ರೂಢಿ. ಆದರೆ ವಿಭಜನೆಗೊಳ್ಳದ ಕೋಶದಲ್ಲಿ ವರ್ಣತಂತು ಮುರಿದಿದ್ದರೂ ಸಾಮಾನ್ಯವಾಗಿ ಕಿರುಕೇಂದ್ರ ಮೂಡುವುದಿಲ್ಲ. ಕೋಶ ವಿಭಜನೆಗೊಂಡಿದೆಯೆಂದು ಖಚಿತವಾಗದ ಎಣಿಕೆಗೆ ಹೆಚ್ಚು ಬೆಲೆಯಿಲ್ಲ ಎಂಬುದು ಈ ಲೇಖನದ ವಾದ.

1970ರ ದಶಕದಲ್ಲಿ ಹೆಡ್ಲ್ ಮತ್ತು ಷ್ಮಿಡ್ ರೂಪಿಸಿದ ಇಲಿಯ ಮೂಳೆಮಜ್ಜೆಯ ಪರೀಕ್ಷೆಗೆ ದೇಹವೇ ಈ ಖಚಿತತೆಯನ್ನು ಒದಗಿಸಿತು. ಕೆಂಪುರಕ್ತಕಣವಾಗಲಿರುವ ಕೋಶ ಕೊನೆಯ ವಿಭಜನೆಯ ನಂತರ ತನ್ನ ಕೇಂದ್ರವನ್ನು ಹೊರದೂಡುತ್ತದೆ. ಕಿರುಕೇಂದ್ರ ಮಾತ್ರ ಒಳಗೇ ಉಳಿಯುತ್ತದೆ. ಆಗಷ್ಟೇ ಕೇಂದ್ರ ಕಳೆದುಕೊಂಡ ಕಣದಲ್ಲಿ ಆರ್‌ಎನ್‌ಎ ಇನ್ನೂ ಇರುವುದರಿಂದ ಗೀಮ್ಸಾ ಬಣ್ಣದಲ್ಲಿ ಅದು ನೀಲಿಛಾಯೆ ತಾಳುತ್ತದೆ. ಎಣಿಸಬೇಕಾದದ್ದು ಈ ಎಳೆಯ ಕಣಗಳನ್ನು; ಒಇಸಿಡಿಯ 474ನೇ ಮಾರ್ಗಸೂಚಿ ಪ್ರತಿ ಪ್ರಾಣಿಯಲ್ಲಿ ಕನಿಷ್ಠ 4000 ಕಣಗಳನ್ನು ನೋಡಲು ಹೇಳುತ್ತದೆ. ಮನುಷ್ಯರ ರಕ್ತದಲ್ಲಿ ಈ ದಾರಿ ಅಷ್ಟು ಸಲೀಸಲ್ಲ. ನಮ್ಮ ಗುಲ್ಮ ಕಿರುಕೇಂದ್ರವಿರುವ ಕಣಗಳನ್ನು ಸೋಸಿ ತೆಗೆಯುತ್ತದೆ.

ಮನುಷ್ಯರ ಲಿಂಫೊಸೈಟ್‌ಗಳಿಗೆ 1985ರಲ್ಲಿ ಫೆನೆಕ್ ಮತ್ತು ಮಾರ್ಲಿ ಕಂಡುಕೊಂಡ ಉಪಾಯ ಜಾಣತನದ್ದು. ಸೈಟೊಕಲಾಸಿನ್-ಬಿ ಸೇರಿಸಿದಾಗ ಕೇಂದ್ರ ಎರಡಾಗುತ್ತದೆ, ಕೋಶದ ಮೈ ಮಾತ್ರ ಒಡೆಯುವುದಿಲ್ಲ. ಜೋಡಿಕೇಂದ್ರವೇ ಒಂದು ವಿಭಜನೆ ಮುಗಿದುದರ ಗುರುತು.

ಇನ್ನು ಕಿರುಕೇಂದ್ರದೊಳಗೆ ಏನಿದೆ? ಸೈಕ್ಲೊಫಾಸ್ಫಮೈಡ್ ವರ್ಣತಂತುವನ್ನು ಮುರಿಯುತ್ತದೆ. ಕಾಶಿಕಣಗಿಲೆಯ ವಿನ್‌ಕ್ರಿಸ್ಟಿನ್, ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರುವ ಕಾಲ್ಚಿಸಿನ್, ಇವೆರಡೂ ಕೆಡಿಸುವುದು ಕದಿರನ್ನು. ಬಣ್ಣ ಹಾಕಿ ನೋಡಿದರೆ ಎರಡೂ ಬಗೆ ಒಂದೇ ದುಂಡು ಚುಕ್ಕೆ. ವರ್ಣತಂತುವಿಗೆ ಕದಿರೆಳೆ ಅಂಟುವ ತಾಣವಾದ ಸೆಂಟ್ರೊಮಿಯರ್ ಇದೆಯೇ ಎಂದು ಗುರುತುಕಣಗಳಿಂದ ಪರೀಕ್ಷಿಸಿದಾಗಲೇ ಭೇದ ತಿಳಿಯುವುದು. ಇದು ಬರಿಯ ವರ್ಗೀಕರಣದ ಚಪಲವಲ್ಲ. ಕದಿರಿನ ಪ್ರೋಟೀನನ್ನು ಹಿಡಿಯುವ ಔಷಧಕ್ಕೆ ಸುರಕ್ಷಿತ ಮಿತಿಯೊಂದನ್ನು ತೋರಿಸಲು ಸಾಧ್ಯ. ನೇರವಾಗಿ ಡಿಎನ್‌ಎಗೆ ಅಂಟುವ ಔಷಧದ ವಿಷಯದಲ್ಲಿ ಹಾಗೆ ವಾದಿಸುವುದು ಕಷ್ಟ.

ತಳಿದ್ರವ್ಯವನ್ನು ಮುಟ್ಟದೆಯೂ ಎಣಿಕೆ ಏರಬಹುದು. ಕ್ಲೋರ್‌ಪ್ರೊಮಜಿನ್ ಕೊಟ್ಟ ಇಲಿಗಳ ಮೈ ತಣ್ಣಗಾಗಿ ಮಜ್ಜೆಯಲ್ಲಿ ಕಿರುಕೇಂದ್ರಗಳು ಹೆಚ್ಚಿದವು. ಮೈಬಿಸಿ ಇಳಿಯದಂತೆ ಕಾಯ್ದಾಗ ಆ ಏರಿಕೆ ಕಾಣಲಿಲ್ಲ. ನಿದ್ದೆ ಬರಿಸುವ ಯಾವುದೇ ಔಷಧದ ಪರೀಕ್ಷಾವರದಿಯಲ್ಲಿ ನಾನು ಮೊದಲು ಹುಡುಕುವುದು ಇಲಿಗಳ ದೇಹತಾಪದ ದಾಖಲೆಯನ್ನು.