ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ನಾಮಕರಣದ ಆಮಂತ್ರಣ, ಮದುವೆಯ ಆಲ್ಬಮ್, ಹಿರಿಯರ ಹಳೆಯ ಫೋಟೋ ಸರಿಪಡಿಸುವುದು ಹೀಗೆ ಹಲವು ಕೆಲಸಗಳು ಈಗ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಗಂಟೆಗಟ್ಟಲೆ ಕೂತು ಮಾಡಿದ ಕೆಲಸ ಮುಗಿಯುವ ಹೊತ್ತಿಗೆ ಫೋಟೋಶಾಪ್ ಅಥವಾ ಗಿಂಪ್ ತಟ್ಟನೆ ಮುಚ್ಚಿಕೊಂಡರೆ ಸಿಟ್ಟು ಬರುವುದು ಸಹಜ. ಆಗ ಸಿಗುವ ಸಲಹೆಗಳೂ ನಮಗೆಲ್ಲ ಗೊತ್ತಿರುವಂಥವೇ: "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ", "ಟೆಂಪ್, ಪ್ರಿಫೆಚ್ ಫೋಲ್ಡರ್ ಖಾಲಿ ಮಾಡಿ", "ರ‍್ಯಾಮ್ ಬೂಸ್ಟರ್ ಹಾಕಿಕೊಳ್ಳಿ".

ಇವುಗಳಲ್ಲಿ ಬಹುಪಾಲು ಸಲಹೆಗಳು ರೋಗ ಯಾವುದೆಂದು ನೋಡದೆ ಕೊಡುವ ಔಷಧ. ಕೆಲವು ಸಲಹೆಗಳಿಂದ ಫೋಟೋಗಳೇ ಕಳೆದುಹೋಗಬಹುದು. ಹಾಗಾದರೆ ಏನು ಮಾಡಬೇಕು? ಸಾಫ್ಟ್‌ವೇರ್ ಯಾವ ಕ್ಷಣದಲ್ಲಿ ಕ್ರ್ಯಾಶ್ ಆಗುತ್ತದೆ ಎಂದು ಗಮನಿಸಿ. ಕಾರಣದ ಸುಳಿವು ಅಲ್ಲೇ ಇರುತ್ತದೆ.

ಎಲ್ಲಕ್ಕಿಂತ ಮೊದಲು: ಮೂಲ ಫೋಟೋಗಳ ನಕಲು

ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಮೂಲ ಫೋಟೋಗಳನ್ನು ಬೇರೊಂದು ಹಾರ್ಡ್ ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ಕಾಪಿ ಮಾಡಿಡಿ. ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್‌ನಲ್ಲಿರುವ ಫೈಲನ್ನು ಅಲ್ಲಿಂದಲೇ ತೆರೆದು ಎಡಿಟ್ ಮಾಡಬೇಡಿ. ಸಂಪರ್ಕ ಒಂದು ಕ್ಷಣ ತಪ್ಪಿದರೂ ಫೈಲ್ ಹಾಳಾಗಬಹುದು. ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು, ಆ ನಕಲಿನ ಮೇಲೆ ಕೆಲಸ ಮಾಡಿ.

"ಫೋಟೋ ಬರೀ 4 ಎಂಬಿ, ಹೇಗೆ ಭಾರವಾಗುತ್ತೆ?"

ಜೆಪೆಗ್ ಎಂದರೆ ಗಾಳಿ ತೆಗೆದು ಮಡಚಿಟ್ಟ ಹಾಸಿಗೆಯಂತೆ. ಎಡಿಟ್ ಮಾಡಲು ಅದನ್ನು ಪೂರ್ತಿ ಬಿಚ್ಚಿ ಹಾಸಬೇಕು. 12 ಮೆಗಾಪಿಕ್ಸೆಲ್ ಫೋಟೋದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಬೇಕು. ಅಲ್ಲಿಗೆ ಒಂದು ಫೋಟೋಗೆ ಸುಮಾರು 36 ಎಂಬಿ ಆಯಿತು. 16 ಬಿಟ್ ಮೋಡ್‌ನಲ್ಲಿ ಇದು 72 ಎಂಬಿ. 50 ಮೆಗಾಪಿಕ್ಸೆಲ್ ಫೋಟೋ ಆದರೆ 8 ಬಿಟ್‌ನಲ್ಲೇ 150 ಎಂಬಿ. ಇಡೀ ಫೋಟೋವನ್ನು ತುಂಬುವ ಲೇಯರ್ ಒಂದೊಂದು ಸೇರಿದಾಗಲೂ ಹೆಚ್ಚುಕಡಿಮೆ ಅಷ್ಟೇ ಜಾಗ ಮತ್ತೆ ಬೇಕು. "ಅನ್‌ಡು" ಮಾಡಲು ಹಿಂದಿನ ಹಂತಗಳನ್ನು ನೆನಪಿಟ್ಟುಕೊಳ್ಳುವುದಕ್ಕೆ ಇನ್ನಷ್ಟು.

ರ‍್ಯಾಮ್ ಸಾಲದಾದಾಗ ಸಾಫ್ಟ್‌ವೇರ್ ಡಿಸ್ಕ್‌ನ ಖಾಲಿ ಜಾಗವನ್ನು ಬಳಸುತ್ತದೆ. ಫೋಟೋಶಾಪ್‌ನಲ್ಲಿ ಇದಕ್ಕೆ ಸ್ಕ್ರ್ಯಾಚ್ ಡಿಸ್ಕ್ ಎನ್ನುತ್ತಾರೆ. ಸಿ ಡ್ರೈವ್ ಕೂಡ ತುಂಬಿದ್ದರೆ ಹೋಗಲು ಜಾಗವೇ ಇರುವುದಿಲ್ಲ. "ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್" ಎಂಬ ಸಂದೇಶದ ಅರ್ಥ ಇದೇ. ಅದು ವೈರಸ್ ಅಲ್ಲ.

ಯಾವಾಗ ಕ್ರ್ಯಾಶ್ ಆಗುತ್ತದೆ? ಕಾರಣ ಹುಡುಕುವ ದಾರಿ

1. ದೊಡ್ಡ ಫೈಲ್‌ನಲ್ಲಿ, ತುಂಬಾ ಹೊತ್ತು ಕೆಲಸ ಮಾಡಿದ ಮೇಲೆ ಅಥವಾ ಸೇವ್ ಮಾಡುವಾಗ: ರ‍್ಯಾಮ್ ಇಲ್ಲವೇ ಡಿಸ್ಕ್ ಜಾಗದ ಕೊರತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ 90 ಶೇಕಡಾ ದಾಟಿದ್ದರೆ ಬ್ರೌಸರ್‌ನ ಹತ್ತಾರು ಟ್ಯಾಬ್‌ಗಳನ್ನು ಮುಚ್ಚಿ. ಸಿ ಡ್ರೈವ್‌ನಲ್ಲಿ ಕನಿಷ್ಠ 20 ಜಿಬಿ ಖಾಲಿ ಇರುವಂತೆ ನೋಡಿಕೊಳ್ಳಿ. ಫೋಟೋಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು ಡಿ ಡ್ರೈವ್‌ಗೆ ಬದಲಿಸಬಹುದು. ಅಲ್ಲೇ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಬಳಕೆಯನ್ನು 100 ಶೇಕಡಾಗೆ ಏರಿಸಬೇಡಿ. ವಿಂಡೋಸ್‌ಗೂ ಸ್ವಲ್ಪ ಬೇಕಲ್ಲ. ಈಗಿನ ಫೋಟೋಶಾಪ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, 16 ಜಿಬಿ ಇದ್ದರೆ ಒಳ್ಳೆಯದು.

2. ಜೂಮ್ ಮಾಡುವಾಗ, ಬ್ರಶ್ ಅಥವಾ ಫಿಲ್ಟರ್ ಬಳಸುವಾಗ: ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ "ಯೂಸ್ ಗ್ರಾಫಿಕ್ಸ್ ಪ್ರೊಸೆಸರ್" ಎಂಬಲ್ಲಿರುವ ಟಿಕ್ ತೆಗೆದು, ಫೋಟೋಶಾಪ್ ಮುಚ್ಚಿ ಮತ್ತೆ ತೆರೆಯಿರಿ. ಕ್ರ್ಯಾಶ್ ನಿಂತರೆ ಕಳ್ಳ ಸಿಕ್ಕ ಹಾಗೆ. ಹೊಸ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಅಥವಾ ಇಂಟೆಲ್, ಎನ್ವಿಡಿಯಾ, ಎಎಂಡಿಯ ಅಧಿಕೃತ ತಾಣದಿಂದಲೇ ಹಾಕಿಕೊಂಡು, ತೆಗೆದ ಟಿಕ್ ಮತ್ತೆ ಹಾಕಿ. ಜಾಹೀರಾತಿನಲ್ಲಿ ಬರುವ "ಡ್ರೈವರ್ ಅಪ್‌ಡೇಟರ್"ಗಳ ಗೊಡವೆ ಬೇಡ.

3. ತೆರೆಯುವಾಗಲೇ: ಸೆಟ್ಟಿಂಗ್ಸ್ ಫೈಲ್, ಪ್ಲಗಿನ್ ಅಥವಾ ಫಾಂಟ್ ಕೆಟ್ಟಿರಬಹುದು. ಫೋಟೋಶಾಪ್ ಐಕಾನ್ ಕ್ಲಿಕ್ ಮಾಡಿದ ತಕ್ಷಣ ಶಿಫ್ಟ್ ಒತ್ತಿ ಹಿಡಿದರೆ ಹೊರಗಿನ ಪ್ಲಗಿನ್‌ಗಳನ್ನು ಬಿಟ್ಟು ತೆರೆಯಬೇಕೇ ಎಂದು ಕೇಳುತ್ತದೆ. ಹಾಗೆ ತೆರೆದಾಗ ಸರಿಯಾದರೆ ತಪ್ಪು ಪ್ಲಗಿನ್‌ನದು. ಸರಿಯಾಗದಿದ್ದರೆ ಇದೇ ರೀತಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿಯಿರಿ. ಸೆಟ್ಟಿಂಗ್ಸ್ ಫೈಲ್ ಅಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿದರೆ ಎಲ್ಲ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಮರಳುತ್ತದೆ, ಫೋಟೋಗಳಿಗೆ ಏನೂ ಆಗುವುದಿಲ್ಲ. ನೀವೇ ಮಾಡಿಕೊಂಡ ಬ್ರಶ್, ಆ್ಯಕ್ಷನ್‌ಗಳಿದ್ದರೆ ಮಾತ್ರ ಮೊದಲು ಬೇರೆಡೆ ಸೇವ್ ಮಾಡಿಟ್ಟುಕೊಳ್ಳಿ.

ಕನ್ನಡದಲ್ಲಿ ಆಮಂತ್ರಣ, ಬ್ಯಾನರ್ ಮಾಡುವವರು ಫಾಂಟ್‌ಗಳನ್ನು ಮುಖ್ಯವಾಗಿ ನೋಡಬೇಕು. ಎಲ್ಲೆಲ್ಲಿಂದಲೋ ಬಂದ ಜಿಪ್ ಫೈಲ್‌ನಿಂದ ನೂರಾರು ಫಾಂಟ್ ಒಮ್ಮೆಲೇ ಹಾಕಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅದರಲ್ಲಿ ಒಂದು ಕೆಟ್ಟಿದ್ದರೂ ಸಾಫ್ಟ್‌ವೇರ್ ತೆರೆಯುವಾಗಲೋ ಅಕ್ಷರ ಟೈಪ್ ಮಾಡುವಾಗಲೋ ಕುಸಿಯಬಹುದು. ಇತ್ತೀಚೆಗೆ ಹಾಕಿದ ಫಾಂಟ್‌ಗಳನ್ನು ತೆಗೆದು ನೋಡಿ.

4. ಒಂದೇ ಒಂದು ಫೋಟೋ ತೆರೆದಾಗ ಮಾತ್ರ: ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ಆ ಫೈಲ್. ಫೋನ್ ಅಥವಾ ಕ್ಯಾಮೆರಾದಿಂದ ಮತ್ತೊಮ್ಮೆ ಕಾಪಿ ಮಾಡಿಕೊಂಡು ತೆರೆಯಿರಿ.

5. ಇಡೀ ಕಂಪ್ಯೂಟರ್ ಆಫ್ ಅಥವಾ ರೀಸ್ಟಾರ್ಟ್ ಆದರೆ: ಮೊದಲು ಬಿಸಿ, ದೂಳು, ಎಸ್‌ಎಂಪಿಎಸ್, ರ‍್ಯಾಮ್ ಪರೀಕ್ಷಿಸಿ. ಸ್ಟಾರ್ಟ್ ಮೆನುವಿನಲ್ಲಿ "ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್" ಎಂದು ಇಂಗ್ಲಿಷಿನಲ್ಲಿ ಹುಡುಕಿ ಓಡಿಸಿದರೆ ರ‍್ಯಾಮ್‌ನಲ್ಲಿ ದೋಷವಿದೆಯೇ ಎಂಬ ಪರೀಕ್ಷೆ ಪುಕ್ಕಟೆಯಾಗಿ ಆಗುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಕೆಲಸ ಮಾಡಿದರೆ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ, ಮೇಜಿನ ಮೇಲಿಡಿ.

ಫಾರ್ವರ್ಡ್ ಸಲಹೆಗಳು ಎಷ್ಟು ನಿಜ?

*"ಎಫ್5 ಒತ್ತುತ್ತಿದ್ದರೆ ಕಂಪ್ಯೂಟರ್ ವೇಗವಾಗುತ್ತದೆ."* ಸುಳ್ಳು. ಡೆಸ್ಕ್‌ಟಾಪ್‌ನಲ್ಲಿ ಅದು ಐಕಾನ್‌ಗಳನ್ನು ಮತ್ತೊಮ್ಮೆ ಚಿತ್ರಿಸುತ್ತದೆ, ಅಷ್ಟೇ. ರ‍್ಯಾಮ್ ಖಾಲಿಯಾಗುವುದಿಲ್ಲ.

*"ಪ್ರಿಫೆಚ್ ಅಳಿಸಿ."* ಅಗತ್ಯವಿಲ್ಲ. ಪ್ರೋಗ್ರಾಂಗಳನ್ನು ಬೇಗ ತೆರೆಯಲೆಂದೇ ವಿಂಡೋಸ್ ಇಟ್ಟುಕೊಂಡ ಮಾಹಿತಿ ಅದು. ಅಳಿಸಿದರೆ ಮೊದಮೊದಲು ನಿಧಾನವೇ ಆಗುತ್ತದೆ.

*"ಟೆಂಪರರಿ ಫೈಲ್ಸ್ ಎಲ್ಲ ಅಳಿಸಿ."* ಅರ್ಧ ನಿಜ. ಜಾಗ ಸಿಗುತ್ತದೆ. ಆದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಆ ಪಟ್ಟಿಯಲ್ಲಿ "ಡೌನ್‌ಲೋಡ್ಸ್" ಫೋಲ್ಡರ್ ಕೂಡ ಇರುತ್ತದೆ. ವಾಟ್ಸ್‌ಆ್ಯಪ್ ವೆಬ್‌ನಿಂದ ಇಳಿಸಿಕೊಂಡ ಫೋಟೋಗಳು ಸಾಮಾನ್ಯವಾಗಿ ಇರುವುದು ಅಲ್ಲೇ. ನೋಡದೆ ಎಲ್ಲಕ್ಕೂ ಟಿಕ್ ಹಾಕಿದರೆ ಅವೂ ಹೋಗುತ್ತವೆ.

*"ಫಾರ್ಮ್ಯಾಟ್ ಮಾಡಿಸಿ."* ಕೊನೆಯ ದಾರಿ. ರ‍್ಯಾಮ್ ಕಡಿಮೆ ಇದ್ದರೆ ಫಾರ್ಮ್ಯಾಟ್ ಮಾಡಿದರೂ ಅಷ್ಟೇ ಇರುತ್ತದೆ. ಬ್ಯಾಕಪ್ ಇಲ್ಲದೆ ಈಗಾಗಲೇ ಮಾಡಿಸಿಬಿಟ್ಟಿದ್ದರೆ ಆ ಡಿಸ್ಕ್‌ಗೆ ಹೊಸದೇನನ್ನೂ ಹಾಕದೆ ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ಹೊಸ ಫೈಲ್ ಬರೆದಷ್ಟೂ ಹಳೆಯ ಫೋಟೋ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ.

"ಕ್ರ್ಯಾಕ್" ಆವೃತ್ತಿ: ಇಲ್ಲಿರುವುದು ನಿಜವಾದ ಅಪಾಯ

"ಫೋಟೋಶಾಪ್ ಫುಲ್ ವರ್ಷನ್ ಫ್ರೀ" ಎಂಬ ಲಿಂಕ್‌ಗಳು ಗ್ರೂಪ್‌ಗಳಲ್ಲಿ ಓಡಾಡುತ್ತಲೇ ಇರುತ್ತವೆ. ಕ್ರ್ಯಾಕ್ ಎಂದರೆ ಪ್ರೋಗ್ರಾಂನ ಫೈಲ್‌ಗಳನ್ನು ತಿದ್ದಿ ಲೈಸೆನ್ಸ್ ಪರೀಕ್ಷೆಯನ್ನು ತಪ್ಪಿಸುವುದು. ತಿದ್ದಿದ ಫೈಲ್‌ಗಳಿಂದಲೇ ಸಾಫ್ಟ್‌ವೇರ್ ಕ್ರ್ಯಾಶ್ ಆಗಬಹುದು. ಅದಕ್ಕಿಂತ ದೊಡ್ಡ ಸಮಸ್ಯೆ ಎಂದರೆ, "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಅದರ ಜೊತೆಗೇ ಇರುತ್ತದೆ. ಬಾಗಿಲು ತೆರೆದಿಟ್ಟು ಕಳ್ಳನನ್ನು ಕರೆದ ಹಾಗೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದಿಯುವ ಮಾಲ್‌ವೇರ್ ಹರಡುವ ಪ್ರಮುಖ ದಾರಿಗಳಲ್ಲಿ ಇದೂ ಒಂದು.

ಅಂಥ ಆವೃತ್ತಿ ನಿಮ್ಮಲ್ಲಿದ್ದರೆ ತೆಗೆದುಹಾಕಿ, ಆ್ಯಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿಂಗ್ ಮಾಡಿದ್ದರೆ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡು ಕೊಡದೆ ಕಾನೂನುಬದ್ಧವಾಗಿ ಬಳಸಲು ಗಿಂಪ್ ಮತ್ತು ಕ್ರಿಟಾ ಇವೆ. ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾದಲ್ಲಿ ಫೋಟೋಶಾಪ್‌ನ ಪಿಎಸ್‌ಡಿ ಫೈಲ್‌ಗಳನ್ನೂ ತೆರೆಯಬಹುದು. ಮನೆಯ ಕೆಲಸಕ್ಕೆ ಇವು ಧಾರಾಳವಾಗಿ ಸಾಕು.

ಕ್ರ್ಯಾಶ್ ಆಗಿಹೋದರೆ ಕೆಲಸ ಮರಳಿ ಸಿಗುತ್ತದೆಯೇ?

ಫೋಟೋಶಾಪ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ರಿಕವರಿ ಪ್ರತಿ ಉಳಿಸುತ್ತದೆ. ಮತ್ತೆ ತೆರೆದಾಗ ಅದು ತಾನಾಗಿಯೇ ಕಾಣಿಸಿಕೊಳ್ಳಬಹುದು. ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್ ವಿಭಾಗದಲ್ಲಿ ಇದನ್ನು 5 ನಿಮಿಷಕ್ಕೆ ಇಳಿಸಿಕೊಳ್ಳಿ. ಆದರೂ ಇದನ್ನೇ ಪೂರ್ತಿ ನಂಬಬೇಡಿ. ಕೆಲಸ ಶುರುವಾದ ಕೂಡಲೇ ಫೈಲಿಗೆ ಹೆಸರು ಕೊಟ್ಟು ಸೇವ್ ಮಾಡಿ, ನಂತರ ಆಗಾಗ ಕಂಟ್ರೋಲ್ ಎಸ್ ಒತ್ತುತ್ತಿರಿ. ಕೆಲಸ ಮುಗಿಯುವ ತನಕ ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲೇ ಇಡಿ. ಜೆಪೆಗ್‌ನಲ್ಲಿ ಲೇಯರ್‌ಗಳು ಉಳಿಯುವುದಿಲ್ಲ. ತೆರೆದು ತಿದ್ದಿ ಸೇವ್ ಮಾಡಿದ ಪ್ರತಿ ಸಲವೂ ಗುಣಮಟ್ಟ ಒಂದಿಷ್ಟು ಇಳಿಯುತ್ತದೆ.

ನೆನಪಿಡಿ

ಮೊದಲು ಮೂಲ ಫೋಟೋಗಳ ನಕಲು. ನಂತರ "ಯಾವಾಗ ಕ್ರ್ಯಾಶ್ ಆಗುತ್ತದೆ?" ಎಂಬ ಪ್ರಶ್ನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಸಾಫ್ಟ್‌ವೇರನ್ನು ಮತ್ತೆ ಇನ್‌ಸ್ಟಾಲ್ ಮಾಡಬಹುದು, ರ‍್ಯಾಮ್ ಅಂಗಡಿಯಲ್ಲಿ ಸಿಗುತ್ತದೆ. ಅಜ್ಜಿಯ ಕೊನೆಯ ಹುಟ್ಟುಹಬ್ಬದ ಫೋಟೋ ಮಾತ್ರ ಎಲ್ಲೂ ಸಿಗುವುದಿಲ್ಲ. ಗ್ರೂಪಿನಲ್ಲಿ ಯಾರಾದರೂ "ಕ್ರ್ಯಾಶ್ ಆಗ್ತಿದೆ, ಏನ್ ಮಾಡ್ಲಿ?" ಎಂದು ಕೇಳಿದರೆ, ಫಾರ್ಮ್ಯಾಟ್ ಎನ್ನುವ ಮೊದಲು "ಫೋಟೋ ಬ್ಯಾಕಪ್ ಇದೆಯಾ?" ಎಂದು ಕೇಳಿ.