ಪೂರ್ತಿ ಗುಣವಾದ ಮೇಲೆಯೇ ಕೆಲಸ ಹುಡುಕಬೇಕೆ? ದೀರ್ಘ ಕಾಯಿಲೆಯ ನಂತರ ಉದ್ಯೋಗ: ನಿಜ ಯಾವುದು, ನಂಬಿಕೆ ಯಾವುದು

"ಮೊದಲು ಪೂರ್ತಿ ಹುಷಾರಾಗು, ಕೆಲಸದ ಮಾತು ಆಮೇಲೆ." ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದವರಿಗೆ ಮನೆಯವರು, ನೆಂಟರು ಹೇಳುವುದು ಇದನ್ನೇ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸಲಹೆ ಸರಿಯೇ?

ಪರೀಕ್ಷಿಸಿ ನೋಡಿದಾಗ ಸಿಕ್ಕ ಉತ್ತರ

ಈ ಪ್ರಶ್ನೆಯನ್ನು ಚೆನ್ನಾಗಿ ಪರೀಕ್ಷಿಸಿರುವುದು ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ. ಮೊದಲು ದೀರ್ಘ ತರಬೇತಿ, ಆಮೇಲೆ ಕೆಲಸ ಎಂಬುದು ಹಳೆಯ ಕ್ರಮ. 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಹೊಸ ಕ್ರಮ ಅದನ್ನು ತಿರುಗಿಸಿತು. ಕೆಲಸ ಮಾಡುವ ಮನಸ್ಸಿದ್ದರೆ ಬೇಗನೆ ನಿಜವಾದ ಕೆಲಸಕ್ಕೇ ಸೇರಿಸಿ, ಕಲಿಯುವುದನ್ನು ಅಲ್ಲೇ ಕಲಿಯಲಿ, ಕೆಲಸ ಸಿಕ್ಕ ಮೇಲೂ ಒಬ್ಬ ಸಲಹೆಗಾರ ಜೊತೆಗಿರಲಿ ಎಂಬುದು ಅದರ ತಿರುಳು. ಯುರೋಪಿನ 6 ಕೇಂದ್ರಗಳಲ್ಲಿ 312 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಕ್ರಮದಲ್ಲಿ ಶೇ. 55ರಷ್ಟು ಜನ ಒಂದು ದಿನವಾದರೂ ಸಂಬಳದ ಕೆಲಸ ಮಾಡಿದ್ದರು. ಹಳೆಯ ಕ್ರಮದಲ್ಲಿ ಶೇ. 28 ಮಾತ್ರ. ಕೆಲಸದ ಒತ್ತಡದಿಂದ ಕಾಯಿಲೆ ಮರುಕಳಿಸುತ್ತದೆ ಎಂದು ಹೆದರುವವರು ಇದನ್ನೂ ಗಮನಿಸಬೇಕು: ಮತ್ತೆ ಆಸ್ಪತ್ರೆ ಸೇರಿದವರು ಹೊಸ ಗುಂಪಿನಲ್ಲೇ ಕಡಿಮೆ.

ಹಾಗೆಂದು ಎಲ್ಲ ಕಾಯಿಲೆಗೂ ಇದೇ ಅಳತೆಗೋಲು ಎಂದು ಹೇಳುತ್ತಿಲ್ಲ. ಯಾವಾಗ ಶುರು ಮಾಡಬಹುದು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಆದರೆ ಕಾಯುವುದೇ ಸುರಕ್ಷಿತ ಎಂಬ ನಂಬಿಕೆಗೆ ಆಧಾರ ದುರ್ಬಲ. ಕ್ಷಯರೋಗವನ್ನೇ ನೋಡಿ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ 6 ತಿಂಗಳು. ಔಷಧಿ ತಪ್ಪದೆ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಬಹುತೇಕರಿಂದ ಸೋಂಕು ಹರಡುವುದು ನಿಲ್ಲುತ್ತದೆ. ಆಮೇಲೂ ಅವರನ್ನು ಕೆಲಸದಿಂದ ದೂರ ಇಡುವುದು ರೋಗಾಣುವಿನ ಭಯದಿಂದಲ್ಲ, ಜನರ ಭಯದಿಂದ.

'ಫಿಟ್' ಎಂಬ ಒಂದು ಪದ ಸಾಲದು

ವೈದ್ಯರು ಕೊಡುವ ಸರ್ಟಿಫಿಕೇಟ್‌ನಲ್ಲಿ ಹೆಚ್ಚಾಗಿ ಇರುವುದು ಎರಡೇ ಮಾತು: ಫಿಟ್ ಅಥವಾ ಅನ್‌ಫಿಟ್. ನಿಜ ಸ್ಥಿತಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಬ್ರಿಟನ್ 2010ರಲ್ಲಿ ತನ್ನ ಪ್ರಮಾಣಪತ್ರವನ್ನೇ ಬದಲಿಸಿ, 'ಇಂಥ ಬದಲಾವಣೆ ಮಾಡಿಕೊಟ್ಟರೆ ಕೆಲಸ ಮಾಡಬಹುದು' ಎಂದು ಬರೆಯಲು ಜಾಗ ಕೊಟ್ಟಿತು. ನಮ್ಮಲ್ಲೂ ಕೇಳಲು ಅಡ್ಡಿಯಿಲ್ಲ: 'ಮೊದಲ 6 ವಾರ ದಿನಕ್ಕೆ 4 ಗಂಟೆ, ಭಾರ ಎತ್ತುವಂತಿಲ್ಲ, ರಾತ್ರಿ ಪಾಳಿ ಬೇಡ' ಎಂದು ಬರೆಸಿಕೊಳ್ಳಿ. ಇಷ್ಟು ಸ್ಪಷ್ಟವಾಗಿದ್ದರೆ ಕೆಲಸ ಕೊಡುವವರ ಅನುಮಾನವೂ ಕಡಿಮೆಯಾಗುತ್ತದೆ. ಮೊದಲು ಕೇಳಬೇಕಾದ ಜಾಗ ನಿಮ್ಮ ಹಳೆಯ ಆಫೀಸು, ಹಳೆಯ ಸಹೋದ್ಯೋಗಿಗಳು. ನಿಮ್ಮ ಕೈಕೆಲಸ ಕಂಡವರಿಗೆ ರೆಸ್ಯೂಮೆಯ ಖಾಲಿ ಜಾಗ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಆ ಖಾಲಿ ಜಾಗವನ್ನು ಏನು ಮಾಡುವುದು?

ಸುಳ್ಳು ಅನುಭವ ಬರೆಯಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋಗುತ್ತದೆ. ಕಾಯಿಲೆಯ ಹೆಸರು, ರಿಪೋರ್ಟುಗಳನ್ನೂ ರೆಸ್ಯೂಮೆಯಲ್ಲಿ ತುಂಬಬೇಕಿಲ್ಲ. 'ಆರೋಗ್ಯದ ಕಾರಣಕ್ಕೆ ಬಿಡುವು, ಈಗ ಕೆಲಸಕ್ಕೆ ಸಿದ್ಧ' ಎಂಬ ಒಂದು ಸಾಲು ಸಾಕು. ಸಂದರ್ಶನದಲ್ಲಿ ಕೇಳಿದರೂ ಅಷ್ಟೇ ಚಿಕ್ಕದಾಗಿ ಹೇಳಿ, ಮಾತನ್ನು ಕೆಲಸದ ಕಡೆ ತಿರುಗಿಸಿ. ಇತರರ ಸುರಕ್ಷತೆಯ ಪ್ರಶ್ನೆ ಇದ್ದರೆ ಮಾತ್ರ ಮುಚ್ಚಿಡುವಂತಿಲ್ಲ. ಮೂರ್ಛೆರೋಗ ಇರುವವರು ಡ್ರೈವಿಂಗ್ ಕೆಲಸಕ್ಕೆ ಹೋಗುವುದು ಇಂಥದ್ದು.

ಕಾನೂನು ಏನು ಕೊಡುತ್ತದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಥಲಸ್ಸೀಮಿಯಾ, ಕುಷ್ಠದಿಂದ ಗುಣವಾದವರು ಕೂಡ ಅದರಲ್ಲಿದ್ದಾರೆ. ಸರ್ಕಾರಿ ನೌಕರರಿಗೆ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಇಲ್ಲೊಂದು ಎಚ್ಚರಿಕೆ: ಕ್ಯಾನ್ಸರ್, ಕ್ಷಯ ಈ ಪಟ್ಟಿಯಲ್ಲಿಲ್ಲ. 'ಕ್ಯಾನ್ಸರ್ ಗೆದ್ದವರಿಗೆಲ್ಲ ಸರ್ಕಾರಿ ಕೆಲಸದಲ್ಲಿ ಮೀಸಲಾತಿ' ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಾಯಿಲೆಯಿಂದ ಕೈ, ಕಾಲು, ದೃಷ್ಟಿಗೆ ವೈಕಲ್ಯ ಉಳಿದಿದ್ದರೆ ಆ ವೈಕಲ್ಯಕ್ಕೆ ಯುಡಿಐಡಿ ಕಾರ್ಡ್ ಪಡೆಯಬಹುದು, ಅಷ್ಟೇ.

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಇನ್ನು 'ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ' ಎಂಬ ಲಿಂಕುಗಳು. ಕೈಯಲ್ಲಿ ಕಾಸಿಲ್ಲದೆ, ಹೊರಗೆ ಓಡಾಡಲು ಶಕ್ತಿಯಿಲ್ಲದೆ ಇರುವವರು ಇವಕ್ಕೆ ಸುಲಭವಾಗಿ ಬೀಳುತ್ತಾರೆ. ನೋಂದಣಿ ಶುಲ್ಕ, ಡೆಪಾಸಿಟ್, ಲ್ಯಾಪ್‌ಟಾಪ್ ಖರ್ಚು ಎಂದು ನಿಮ್ಮಿಂದಲೇ ಹಣ ಕೇಳಿದರೆ ಅದು ಕೆಲಸವಲ್ಲ, ವಂಚನೆ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.