ಹೆಂಗಸಾದ್ದರಿಂದ ಪಕ್ಷಪಾತ ಮಾಡ್ತಾರಂತೆ!

1975. ನ್ಯೂಯಾರ್ಕಿನ ದೊಡ್ಡ ಲಾ ಫರ್ಮ್ ಒಂದರ ಮೇಲೆ ಕೇಸು. ಕೆಲಸ ಕೊಡುವಾಗ ಹೆಂಗಸರಿಗೆ ತಾರತಮ್ಯ ಮಾಡ್ತಾರೆ ಅಂತ ಆರೋಪ. ಕೇಸು ಬಂದಿದ್ದು ಫೆಡರಲ್ ಜಡ್ಜ್ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಅವರ ಮುಂದೆ. ಫರ್ಮಿನವರ ತಕರಾರು ಏನು ಗೊತ್ತಾ? ಈಕೆ ಹೆಂಗಸು, ಕಪ್ಪು ಜನಾಂಗದವರು, ಹಿಂದೆ ತಾರತಮ್ಯದ ವಿರುದ್ಧವೇ ವಾದ ಮಾಡಿದವರು. ಆದ್ದರಿಂದ ಕೇಸು ಬಿಟ್ಟುಕೊಡಲಿ!

ಅವರು ಆ ಕುರ್ಚಿಗೆ ಬಂದ ದಾರಿ ನೋಡಿ. ಅಪ್ಪ ಯೇಲ್ ಯೂನಿವರ್ಸಿಟಿ ಹುಡುಗರಿಗೆ ಅಡುಗೆ ಮಾಡುತ್ತಿದ್ದವರು. ಮಗಳ ಕಾಲೇಜಿಗೆ ದುಡ್ಡಿರಲಿಲ್ಲ. ಸಭೆಯೊಂದರಲ್ಲಿ ಆಕೆಯ ಮಾತು ಕೇಳಿದ ಬಿಳಿಯ ಉದ್ಯಮಿಯೊಬ್ಬರು ಫೀಸು ಕಟ್ಟಿದರು. 1946ರಲ್ಲಿ ಕೊಲಂಬಿಯಾದಿಂದ ಲಾ ಡಿಗ್ರಿ. 1962ರಲ್ಲಿ ಕಪ್ಪು ಯುವಕ ಜೇಮ್ಸ್ ಮೆರೆಡಿತ್‌ಗೆ ಮಿಸಿಸಿಪಿ ಯೂನಿವರ್ಸಿಟಿ ಬಾಗಿಲು ತೆರೆಸಿದ ಕೇಸು ಇವರದ್ದೇ. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದು 10, ಗೆದ್ದಿದ್ದು 9.

ಫೆಡರಲ್ ಜಡ್ಜ್ ಹುದ್ದೆಗೆ ಪರೀಕ್ಷೆ ಇಲ್ಲ. ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು. 1966ರಲ್ಲಿ ಅಧ್ಯಕ್ಷ ಜಾನ್ಸನ್ ಇವರನ್ನು ಹೆಸರಿಸಿದಾಗ, ಮಿಸಿಸಿಪಿಯ ಸೆನೆಟರ್ ಈಸ್ಟ್‌ಲ್ಯಾಂಡ್ ತಿಂಗಳುಗಟ್ಟಲೆ ಅಡ್ಡಗಾಲು ಹಾಕಿದರು. ಕೊನೆಗೂ ಸೆನೆಟ್ ಒಪ್ಪಿತು. ಮೋಟ್ಲಿ ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ಜಡ್ಜ್ ಆದರು.

ಫರ್ಮಿನವರಿಗೆ ಅವರು ಕೊಟ್ಟ ಉತ್ತರದ ಸಾರ ಇಷ್ಟು: ಪ್ರತಿ ಜಡ್ಜ್‌ಗೂ ಒಂದು ಲಿಂಗ, ಒಂದು ಜನಾಂಗ, ಒಂದು ಹಿನ್ನೆಲೆ ಇದ್ದೇ ಇರುತ್ತೆ. ಅದೇ ತಪ್ಪಾದರೆ ಈ ಕೋರ್ಟಿನ ಯಾವ ಜಡ್ಜೂ ಈ ಕೇಸು ಕೇಳೋ ಹಾಗಿಲ್ಲ.

ಅಷ್ಟು ಕಾಲ ಬಿಳಿ ಗಂಡಸರೇ ತೀರ್ಪು ಕೊಡುತ್ತಿದ್ದಾಗ ಅದು ಹಿನ್ನೆಲೆ ಅಂತ ಯಾರಿಗೂ ಅನ್ನಿಸಿರಲಿಲ್ಲ, ನೋಡಿ. ಮೋಟ್ಲಿ ಕೇಸು ಬಿಡಲಿಲ್ಲ. 1982ರಲ್ಲಿ ಅದೇ ಕೋರ್ಟಿನ ಮುಖ್ಯ ನ್ಯಾಯಾಧೀಶರೂ ಆದರು.